ಏಣಿಯ ಕಾಲು ಹಿಡಿಯುವವರು

ವಿದ್ಯೆ ತಲೆಗೆ ಹತ್ತಲಿಲ್ಲ ಎಂದು ಜನ ಹೇಳುವುದುಂಟು. ಏಣಿಯಪ್ಪನ ವಿಷಯದಲ್ಲಿ ಜೀವನವಿಡೀ ಹತ್ತಿದ್ದು ಅವನೇ. ವಿದ್ಯೆ ಕೆಳಗೇ ನಿಂತಿತ್ತು. ಅವನು ಹತ್ತನೇ ಕ್ಲಾಸಿನಲ್ಲಿ ಮುಗ್ಗರಿಸಿದ್ದೂ ಒಂದು ಏಣಿಯಿಂದಲೇ. ಗೋಡೆಗೆ ಒರಗಿಸಿದ ಏಣಿಯ ಉದ್ದ ಇಷ್ಟು, ಅದು ಮುಟ್ಟಿದ ಕಿಟಕಿಯ ಎತ್ತರ ಇಷ್ಟು, ಹಾಗಾದರೆ ಏಣಿಯ ಬುಡ ಗೋಡೆಯಿಂದ ಎಷ್ಟು ದೂರ? ಈ ಪ್ರಶ್ನೆಗೆ ಅವನು ಏಣಿ, ಗೋಡೆ, ಕಿಟಕಿಯಿಂದ ಇಣುಕುವ ಒಂದು ಮುಖ, ಎಲ್ಲದರ ಚಿತ್ರವನ್ನೂ ಬಹಳ ಚೆನ್ನಾಗಿ ಬರೆದಿದ್ದ. ಮುಖಕ್ಕೆ ಮಾರ್ಕ್ಸ್ ಇರಲಿಲ್ಲ. ಮರುವರ್ಷ ಮತ್ತೆ ಕೂತ. ಈ ಸಲ ಕಿಟಕಿಗೆ ಪರದೆಯನ್ನೂ ಹಾಕಿದ. ಆಮೇಲೆ, ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದ ಅವನ ಅಪ್ಪ, "ಪೇಪರ್ ಮೇಲೆ ಏಣಿ ಬರೆದಿದ್ದು ಸಾಕು, ಬಾರೋ" ಎಂದು ನಿಜವಾದ ಏಣಿಯನ್ನೇ ಹೆಗಲಿಗೆ ಹೊರಿಸಿದ. ಹೈಸ್ಕೂಲು ಕೈಬಿಟ್ಟಿತು, ಗೋಡೆಯ ಪ್ರೈಮರ್ ಕೈಹಿಡಿಯಿತು.

ಏಣಿಯ ಎರಡು ಮೆಟ್ಟಿಲುಗಳ ನಡುವೆ ತಲೆ ತೂರಿಸಿಕೊಂಡು ಬೀದಿಯಲ್ಲಿ ನಡೆಯುವುದು ಅವನ ರೂಢಿ. ಹಾಗಾಗಿ ಏಣಿಯಪ್ಪ. ಗೋಡೆಗಳಿಗೆಲ್ಲ ಎರಡೆರಡು ಕೋಟು ಹೊಡೆದವನ ಮೈಮೇಲೆ ಚಳಿಗಾಲದಲ್ಲೂ ಒಂದು ಕೋಟು ಇರಲಿಲ್ಲ ಎನ್ನುವುದು ಅವನೇ ಹೇಳಿಕೊಂಡು ನಗುತ್ತಿದ್ದ ಮಾತು.

ಅಪ್ಪ ಅವನಿಗೆ ಕಲಿಸಿದ ಪಾಠ ಒಂದೇ: ಕೆಳಗೆ ಹಿಡಿಯುವವರು ಇಲ್ಲದೆ ಮೇಲೆ ಹತ್ತಬೇಡ. ಅಪ್ಪನ ಏಣಿಯನ್ನು ಅಮ್ಮ ಹಿಡಿದಿದ್ದಳು. ಏಣಿಯಪ್ಪನ ಕೈ ಹಿಡಿದವಳು ಮದುವೆಯಾದ ಮರುವಾರವೇ ಅವನ ಏಣಿಯ ಕಾಲನ್ನೂ ಹಿಡಿದಳು. ಕೆಳಗಿನ ಮೆಟ್ಟಿಲ ಮೇಲೆ ಒಂದು ಪಾದ ಊರಿ, ಎರಡು ಕಡೆಯ ಗಳುಗಳನ್ನು ಎರಡು ಕೈಯಲ್ಲಿ ಬಿಗಿಹಿಡಿದು, ತಲೆ ಎತ್ತದೆ ನಿಲ್ಲುವಳು. ತಲೆ ಎತ್ತಿದರೆ ಕಣ್ಣಿಗೆ ಬಣ್ಣ ಬೀಳುತ್ತದೆ. ಅವಳು ಹತ್ತನೇ ಕ್ಲಾಸು ಪಾಸು, ಅದರಲ್ಲೂ ಗಣಿತದಲ್ಲಿ ಒಳ್ಳೇ ಮಾರ್ಕ್ಸು. ಮುಂದೆ ಓದಿಸುವವರು ಇರಲಿಲ್ಲ, ಅಷ್ಟೆ. ಅವನು ಕೆಳಗಿಳಿದು ಬಣ್ಣ ಕಲಸುವಾಗ ಅವಳು ಇನ್ನೂ ಬಣ್ಣ ಕಾಣದ ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಮಗಳ ಲೆಕ್ಕ ಬಿಡಿಸುವಳು. ಮನೆಗೆ ಹೋಗಿ ಹೇಳಿಕೊಡಬೇಕಲ್ಲ. ಮಗಳನ್ನು ಮನೆಯಲ್ಲಿ ಕರೆಯುವುದು ಪುಟ್ಟಿ ಎಂದು. ಗೋಡೆಯ ಗುಳಿ ಮುಚ್ಚಲು ಬಳಿಯುವ ಬಿಳಿ ಹಿಟ್ಟಿಗೂ ಪುಟ್ಟಿ ಎಂದೇ ಹೆಸರು. ಏಣಿಯಪ್ಪ ಆ ಪುಟ್ಟಿಯಿಂದಲೇ ಈ ಪುಟ್ಟಿಯನ್ನು ಸಾಕಿದ್ದ.

"ಲೇ, ಅದೇನು ಗೋಡೆ ತುಂಬ ಬರೀತಿದ್ದೀಯ?"

"ಪುಟ್ಟಿ ಲೆಕ್ಕ."

"ಎರಡು ಕೋಟು ಹೊಡೆದ್ರೆ ಯಾವ ಲೆಕ್ಕಾನೂ ಕಾಣಲ್ಲ. ಇಷ್ಟು ವರ್ಷ ಏಣಿ ಹತ್ತಿದೀನಿ, ನಿನ್ನ ವಿಕರ್ಣ ಎಷ್ಟಪ್ಪಾ ಅಂತ ಒಬ್ಬ ಯಜಮಾನನಾದ್ರೂ ಕೇಳಿದಾನಾ?"

"ಅದು ಕೇಳಲ್ಲ. ಎಷ್ಟು ಡಬ್ಬ ಬಣ್ಣ ಬೇಕು ಅಂತ ಕೇಳ್ತಾರೆ. ನೀವು ಕಣ್ಣಳತೇಲಿ ಹೇಳ್ತೀರಿ. ಅದಕ್ಕೇ ನಮ್ಮನೆ ಹಾಗಿರೋದು."

ಅವರ ಬಾಡಿಗೆಯ ಎರಡು ಕೋಣೆಗಳಲ್ಲಿ ಒಂದು ಗೋಡೆ ಬ್ಯಾಂಕಿನ ನೀಲಿ, ಇನ್ನೊಂದು ಆಸ್ಪತ್ರೆಯ ಹಸಿರು, ಒಲೆಯ ಹಿಂದಿನದು ಯಾವುದೋ ಬ್ಯೂಟಿ ಪಾರ್ಲರಿನ ಗುಲಾಬಿ. ಎಲ್ಲವೂ ಅವನ ಕಣ್ಣಳತೆಯಲ್ಲಿ ಮಿಕ್ಕ ಬಣ್ಣ. ಬಂದವರು ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದ್ದರು.

ಮಗಳು ಮುಖದಲ್ಲಿ ಅಮ್ಮ, ಗಣಿತದಲ್ಲಿ ಅಪ್ಪ. ಈಗ ಅವಳೂ ಹತ್ತನೇ ಕ್ಲಾಸು. ಲೆಕ್ಕದ ಪುಸ್ತಕ ತೆರೆದರೆ ಆಕಳಿಕೆ, ಮುಚ್ಚಿದರೆ ಅಳು. ಏಣಿಯಪ್ಪನಿಗೆ ಒಳಗೊಳಗೇ ಒಂಥರಾ ಸಮಾಧಾನ. ತನ್ನ ಸೋಲಿಗೆ ಮನೆಯಲ್ಲೇ ಒಬ್ಬ ಸಾಕ್ಷಿ ಸಿಕ್ಕಂತೆ.

"ಬಿಡೇ ಪುಟ್ಟಿ, ಹೈಸ್ಕೂಲಲ್ಲಿ ಕಲಿತಿದ್ದು ಯಾವನಿಗೂ ಉಪಯೋಗಕ್ಕೆ ಬಂದಿಲ್ಲ. ಫೇಲಾಗಿ ನನಗೇನು ಕಡಿಮೆಯಾಗಿದೆ ಹೇಳು?"

ಮಗಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಏನೂ ಕಡಿಮೆಯಾಗಿಲ್ಲಪ್ಪ. ಎಲ್ಲಾ ಬಣ್ಣಾನೂ ಇದೆ" ಎಂದಳು.

ಹೀಗಿರುವಾಗ ಗಣಿತದ ಮಿಸ್ ತಂದೆ ತಾಯಿಯನ್ನು ಕರೆಸಿದರು. ಹೀಗೇ ಆದರೆ ಹುಡುಗಿ ಪಾಸಾಗುವುದಿಲ್ಲ, ಬಂದು ಮಾತಾಡಿ ಎಂದು. ಏಣಿಯಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ನಾನು ಎಷ್ಟು ಎತ್ತರ ಬೇಕಾದ್ರೂ ಹತ್ತೇನು, ಆ ಸ್ಕೂಲಿನ ಮೆಟ್ಟಿಲು ಮಾತ್ರ ಹತ್ತಲ್ಲ. ನೀನೇ ಹೋಗು."

"ಹೋಗ್ತೀನಿ. ನಾನು ಬರೋವರೆಗೂ ಕೆಳಗಿನ ಬಾಗಿಲ ಚೌಕಟ್ಟುಗಳಿಗೆ ಬಣ್ಣ ಹೊಡೀತಿರಿ. ಮೇಲೆ ಹತ್ತಬೇಡಿ."

"ಹೂಂ."

"ಹೂಂ ಅಲ್ಲ. ಹತ್ತಲ್ಲ ಅನ್ನಿ."

"ಹತ್ತಲ್ಲ ಕಣೇ."

ಅದು ಹೊಸ ಕಟ್ಟಡ. ನೆಲಕ್ಕೆ ಆಗಷ್ಟೇ ನುಣುಪಾದ ಟೈಲ್ಸ್ ಹಾಕಿದ್ದರು. ಅವನು ಚೌಕಟ್ಟಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದನ್ನು ಕಂಡು ಮೇಸ್ತ್ರಿ, "ಏನಯ್ಯಾ ಏಣಿಯಪ್ಪ, ಹೆಂಡ್ತಿ ಇಲ್ಲದಿದ್ರೆ ಕೈಕಾಲೇ ಆಡಲ್ವಾ?" ಎಂದ. ಟೈಲ್ಸಿನವರು ಹೋ ಎಂದು ನಕ್ಕರು. ಗಂಡಸಿಗೆ ಬೇರೆಯವರ ನಗು ತಾಳುವುದಕ್ಕಿಂತ ಬೀಳುವುದು ಸುಲಭ. ಏಣಿಯಪ್ಪ ಏಣಿಯನ್ನು ಒರಗಿಸಿದ, ಹತ್ತಿದ, ಮೂಲೆಗೆಂದು ಕೈ ಚಾಚಿದ. ಏಣಿಯ ಬುಡ ಟೈಲ್ಸಿನ ಮೇಲೆ ಸದ್ದಿಲ್ಲದೆ ಹಿಂದಕ್ಕೆ ಜಾರಿತು. ಅದು ಗೋಡೆಯಿಂದ ಎಷ್ಟು ದೂರ ಹೋಗಿತ್ತೆಂದು ಯಾರೂ ಅಳೆಯಲಿಲ್ಲ.

ಬೆನ್ನುಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿ "ಗೊತ್ತಾಗುತ್ತಾ?" ಎಂದು ಕೇಳಿದರು. ಏಣಿಯಪ್ಪ, "ಚುಚ್ಚಿದ ಮೇಲೆ ಹೇಳಿ ಸಾರ್" ಎಂದ. ಡಾಕ್ಟರು ಆಗಲೇ ಚುಚ್ಚಿಯಾಗಿತ್ತು. ಮೇಸ್ತ್ರಿ ಒಂದು ಸಲ ಹಣ್ಣು ತಂದುಕೊಟ್ಟು ಕೈತೊಳೆದುಕೊಂಡ. ಟೈಲ್ಸಿನವರು ಬರಲಿಲ್ಲ. ಬಂದಿದ್ದರೂ ನಗುತ್ತಿರಲಿಲ್ಲ ಬಿಡಿ.

ಅವನನ್ನು ಮನೆಗೆ ತಂದು ಹಸಿರು ಗೋಡೆಯ ಪಕ್ಕದ ಮಂಚದ ಮೇಲೆ ಮಲಗಿಸಿದರು. ಹೆಂಡತಿ ಬ್ರಷ್ ಹಿಡಿದಳು. ನೋಡಿ ನೋಡಿ ಕೆಲಸ ಬಂದಿತ್ತು. ಏಣಿ ಹಿಡಿಯಲು ಒಬ್ಬ ಕೂಲಿಯವನನ್ನು ಗೊತ್ತು ಮಾಡಿಕೊಂಡಳು. ಅವನ ಕೂಲಿ ಕಳೆದರೆ ಮನೆಗೆ ಬರುತ್ತಿದ್ದುದು ಅಷ್ಟಕ್ಕಷ್ಟೇ.

"ಪುಟ್ಟೀನ ಬಿಡಿಸಿ ನಿನ್ನ ಜೊತೆ ಕರ್ಕೊಂಡು ಹೋಗು" ಎಂದು ಏಣಿಯಪ್ಪ ಮಲಗಿದಲ್ಲಿಂದ ಹೇಳಿದ. "ಆ ಲೆಕ್ಕ ಕಲಿತು ಏನಾಗಬೇಕಿದೆ ಅವಳಿಗೆ?"

"ಅವಳು ಏಣಿ ಮುಟ್ಟಿದ್ರೆ ಕೈ ಮುರೀತೀನಿ."

"ಕೋಪ ಯಾಕೆ? ಇದ್ದದ್ದು ಹೇಳಿದೆ."

"ಇದ್ದದ್ದನ್ನ ನಾನು ಹೇಳ್ಲಾ? ನಾನು ಅವತ್ತು ಸ್ಕೂಲಿಗೆ ಹೋಗಿದ್ದಕ್ಕೇ ನೀವು ಬಿದ್ದಿದ್ದು. ಅದು ತಾನೇ ನಿಮ್ಮ ಹೊಟ್ಟೆಯೊಳಗಿರೋದು?"

ಮಗಳು ಬಾಗಿಲ ಪರದೆಯ ಆಚೆ ನಿಂತಿದ್ದಳೆಂದು ಇಬ್ಬರಿಗೂ ಆಮೇಲೆ ತಿಳಿಯಿತು.

ಅವತ್ತಿನಿಂದ ಪುಟ್ಟಿ ಹಠಕ್ಕೆ ಬಿದ್ದು ಓದಿದಳು. ಅಪ್ಪನ ಮಂಚದ ಪಕ್ಕವೇ ಅಮ್ಮ ಮಗಳು ಲೆಕ್ಕ ಹಾಕುತ್ತಿದ್ದರು. ಎದ್ದುಹೋಗಲು ಬಾರದ ಏಣಿಯಪ್ಪ, ಬೆತ್ತದ ಭಯವೂ ಇಲ್ಲದೆ ತಿಂಗಳುಗಟ್ಟಲೆ ಗಣಿತದ ಕ್ಲಾಸಿನಲ್ಲಿ ಮಲಗಿದ್ದ. ಮೊದಮೊದಲು ಅಣಕಿಸಿದ. ಆಮೇಲೆ ಸುಮ್ಮನಾದ. ಒಂದು ದಿನ ಮಗಳು ಉದ್ದದ ಲೆಕ್ಕವೊಂದನ್ನು ಯಾರ ಸಹಾಯವೂ ಇಲ್ಲದೆ ಕೊನೆಮುಟ್ಟಿಸಿ, ಉತ್ತರವನ್ನು ಪುಸ್ತಕದ ಹಿಂದಿನ ಪುಟದೊಂದಿಗೆ ತಾಳೆ ನೋಡಿ, "ಸರಿ ಬಂತು!" ಎಂದು ಕೂಗಿದಳು. ಏಣಿಯಪ್ಪ ತನ್ನ ಖುಷಿ ಕಾಣಬಾರದೆಂದು ಗೋಡೆಯ ಕಡೆ ಮುಖ ತಿರುಗಿಸಿದ. ತಿರುಗಿಸಲು ಅವನಲ್ಲಿ ಉಳಿದಿದ್ದೂ ಅಷ್ಟೇ. ಗಣಿತದ ಮಿಸ್ ಏಣಿಯಪ್ಪನ ಹೆಂಡತಿಗೆ ಹೇಳಿ ಕಳಿಸಿದ್ದರು: "ಪಾಸಾಗ್ತಾಳೆ. ಅದಕ್ಕಿಂತ ಮೇಲೆ ಕೇಳಬೇಡಿ." ಆ ಮನೆಯಲ್ಲಿ ಅದಕ್ಕಿಂತ ಮೇಲೆ ಕೇಳುವವರು ಯಾರೂ ಇರಲಿಲ್ಲ.

ಗಣಿತದ ಪರೀಕ್ಷೆಯ ಬೆಳಗ್ಗೆ ಕೂಲಿಯವನ ಫೋನು ಬಂತು. ಜ್ವರ, ಏಳಲಾಗುತ್ತಿಲ್ಲ. ಮಗಳು ಸ್ನಾನಕ್ಕೆ ಹೋಗಿದ್ದಳು. ಹೆಂಡತಿ ಮಂಚದ ಬಳಿ ಬಗ್ಗಿ ಪಿಸುಗುಟ್ಟಿದಳು.

"ಇವತ್ತು ಮಹಡಿ ಮೆಟ್ಟಿಲಿನ ದೊಡ್ಡ ಗೋಡೆ ಮುಗಿಸ್ಲೇಬೇಕು. ಮುಗಿಸದಿದ್ರೆ ಬೇರೆಯವರನ್ನ ಕರೀತೀನಿ ಅಂದಿದಾನೆ ಮೇಸ್ತ್ರಿ."

"ಹಿಡಿಯೋರು?"

"ಎಲ್ಲಾ ಕೆಲಸದವರೂ ಮುಗಿಸ್ಕೊಂಡು ಹೋಗಿದಾರೆ. ಇರೋದು ನಾನೊಬ್ಳೇ. ಬುಡಕ್ಕೆ ಮರಳಿನ ಚೀಲ ಇಟ್ಕೋತೀನಿ."

"ಮರಳು ಹಿಡಿಯುತ್ತೇನೇ?"

"ಹಿಡಿಯುತ್ತೆ. ಪುಟ್ಟಿ ಕೇಳಿದ್ರೆ ಕೆಳಗಿನ ಕೆಲಸ ಅನ್ನಿ, ಕೂಲಿಯವನು ಬಂದಿದಾನೆ ಅನ್ನಿ. ಅಷ್ಟು ಹೇಳಿ ಸಾಕು. ಇನ್ನೇನೂ ನಾನು ನಿಮ್ಮನ್ನ ಕೇಳ್ತಿಲ್ಲ."

ಹೋದಳು.

ಮಗಳು ಯೂನಿಫಾರಂ ಹಾಕಿ, ಬಿಗಿಯಾಗಿ ಜಡೆ ಹೆಣೆದು, ಹಾಲ್ ಟಿಕೆಟ್ಟನ್ನೂ ಜಾಮಿಟ್ರಿ ಬಾಕ್ಸನ್ನೂ ಹಿಡಿದು ಮಂಚದ ಹತ್ತಿರ ಬಂದಳು.

"ಅಪ್ಪಾ, ಅಮ್ಮ ಇವತ್ತು ಯಾಕೆ ನನ್ನ ಕಾಯಲೇ ಇಲ್ಲ?"

"ಕೆಲಸ ಇತ್ತಮ್ಮ."

"ಫೋನ್ ಬಂದಿದ್ದು ಯಾರದ್ದು?"

ಏಣಿಯಪ್ಪ ಬಾಯಿ ತೆರೆದ. ಬಣ್ಣದ ಮಾತಿಗೆ ಅವನು ಹೊಸಬನಲ್ಲ. ಒಂದೇ ಕೋಟು ಸಾಕು ಯಜಮಾನ್ರೇ, ಈ ಗೋಡೆ ಇನ್ನು ಜನ್ಮದಲ್ಲಿ ನೀರು ಕುಡಿಯಲ್ಲ ಅಮ್ಮಾವ್ರೇ, ನಾಳೆ ಬೆಳಗ್ಗೆ ಬಂದೇ ಬರ್ತೀನಿ. ಇಂಥ ಎಷ್ಟು ಮಾತು ಆ ನಾಲಿಗೆಯ ಮೇಲೆ ಒಣಗಿದ್ದವೋ. ಈಗ ಬೇಕಾಗಿದ್ದು ಒಂದೇ ಒಂದು. ಆದರೆ ಅವನ ಕಣ್ಣೆದುರು ಇದ್ದದ್ದು ಹೆಂಡತಿಯ ಹಿಮ್ಮಡಿ, ಮೇಲಿನ ಮೆಟ್ಟಿಲ ಮೇಲೆ ತುದಿಗಾಲಲ್ಲಿ ನಿಂತಿರುವುದು. ಬುಡ ಜಾರಿದಾಗ ಮೊದಲು ಏನೂ ಕೇಳಿಸುವುದಿಲ್ಲ ಎನ್ನುವುದು ಆ ಮನೆಯಲ್ಲಿ ಅವನಿಗೊಬ್ಬನಿಗೇ ಗೊತ್ತಿತ್ತು.

"ಹಿಡಿಯೋ ಅಣ್ಣ ಬಂದಿದಾನಾ ಅಪ್ಪಾ?"

"ಇಲ್ಲ."

"ಅಮ್ಮ ಮೇಲೆ ಹತ್ತುತ್ತಾಳಾ?"

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಜಾಮಿಟ್ರಿ ಬಾಕ್ಸನ್ನು ಅವನ ಹೊದಿಕೆಯ ಮೇಲೆ, ಕಾಲಿನ ಹತ್ತಿರ ಇಟ್ಟಳು.

"ಪುಟ್ಟೀ, ಪರೀಕ್ಷೆ ಬರೆದು ಆಮೇಲೆ ಹೋಗೇ. ಮರಳಿನ ಚೀಲ ಇಡ್ತಾಳಂತೆ."

"ಅಷ್ಟರಲ್ಲಿ ಏನಾಗುತ್ತೆ ಅಂತ ನಿಂಗೇ ಗೊತ್ತಲ್ಲಪ್ಪಾ."

ಚಪ್ಪಲಿಯ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ಸ್ಕೂಲಿನ ಕಡೆಯ ತಿರುವಲ್ಲ. ಏಣಿಯಪ್ಪ ಎರಡು ಸಲ ಹೆಸರು ಹಿಡಿದು ಕೂಗಿದ. ಮೂರನೆಯ ಸಲ ಕೂಗಲಿಲ್ಲ. ತಾನು ಕೂಗುತ್ತಿರುವುದು ಅವಳು ನಿಲ್ಲಲಿ ಎಂದೋ, ಬೇಗ ಓಡಲಿ ಎಂದೋ ಅವನಿಗೇ ತಿಳಿಯಲಿಲ್ಲ.

ಸಂಜೆ ಇಬ್ಬರೂ ಒಟ್ಟಿಗೇ ಬಂದರು. ಯೂನಿಫಾರಮ್ಮಿನ ಹೆಗಲ ಮೇಲೆಲ್ಲ ಕೆನೆಬಣ್ಣದ ಹನಿಗಳು. ಮಗಳ ಒಂದು ಕೆನ್ನೆ ಊದಿತ್ತು. ಅವಳು ಬ್ರಷ್‌ಗಳನ್ನು ತೊಳೆಯಲು ಹಿತ್ತಲಿಗೆ ಹೋದಳು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತು, ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿಕೊಳ್ಳತೊಡಗಿದಳು.

"ಏಣಿ ಬಿಡು ಅಂದೆ. ಬಿಡಲಿಲ್ಲ. ಇಳಿದು ಬಂದು ಕೆನ್ನೆಗೆ ಹೊಡೆದೆ. ಬಿಡಲಿಲ್ಲ. ಇವತ್ತು ಹತ್ತಲ್ಲ, ಹೋಗು, ಇನ್ನೂ ಗಂಟೆ ಹೊಡೆದಿಲ್ಲ ಅಂತ ಆಣೆ ಇಟ್ಟೆ. ಅಪ್ಪನೂ ಹತ್ತಲ್ಲ ಅಂತಾನೇ ಹೇಳಿದ್ದ ಅಂದ್ಲು. ಅವಳ ಕಾಲು ಹಿಡ್ಕೊಂಡೆ ರೀ. ಹೆತ್ತ ಮಗಳ ಕಾಲು."

ಏಣಿಯಪ್ಪ ಚಾವಣಿ ನೋಡುತ್ತಿದ್ದ.

"ಆಮೇಲೆ ಹೊತ್ತು ಮೀರಿತು. ಇನ್ನೇನು ಮಾಡ್ಲಿ? ಗೋಡೆಯಾದ್ರೂ ಮುಗೀಲಿ ಅಂತ ಮೇಲೆ ಹತ್ತಿದೆ. ಅವಳು ಹಿಡಿದ್ಲು. ಚೆನ್ನಾಗೇ ಹಿಡೀತಾಳೆ."

ಸೀಮೆಎಣ್ಣೆಯ ವಾಸನೆ ಕೋಣೆ ತುಂಬಿತು.

"ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿಮಗೆ?"

"ಹೆದರಿಕೆ ಆಯ್ತು ಕಣೇ."

"ನನಗೆ ಆಗ್ಲಿಲ್ಲ ಅಂದ್ಕೊಂಡ್ರಾ?"

ಅವನು ಅವಳ ಕಡೆ ಮುಖ ಹೊರಳಿಸಿ, "ಪೂರಕ ಪರೀಕ್ಷೆ ಅಂತ ಒಂದಿರುತ್ತಲ್ಲ. ಅದನ್ನ ಬರೀಲಿ. ಬರೀಲೇಬೇಕು ಅವಳು. ಓದಿದ್ದೆಲ್ಲ ತಲೇಲಿದೆ, ನಾನೇ ಕೇಳಿಸ್ಕೊಂಡಿದೀನಲ್ಲ" ಎಂದ. ಗಣಿತದ ಪರ ಅವನು ಆಡಿದ ಮೊದಲ ಮಾತು ಅದು.

"ಬರೀತಾಳೆ."

"ಅವತ್ತು ಏಣಿ ಯಾರು ಹಿಡೀತಾರೆ?"

"ಅದನ್ನ ಇನ್ನು ನಿಮಗೆ ಹೇಳಲ್ಲ" ಎಂದಳು ಹೆಂಡತಿ. ಕೋಪದಲ್ಲಿ ಹೇಳಿದ ಹಾಗಿರಲಿಲ್ಲ. ಬಟ್ಟೆಯನ್ನು ಮಡಚಿ, ಎದ್ದು ಒಲೆ ಹಚ್ಚಲು ಹೋದಳು.

ಅವಳು ಹೇಳಿದಂತೆಯೇ ನಡೆದುಕೊಂಡಳು. ಮರುದಿನ ಬೆಳಗ್ಗೆ ಅವಳು ಬ್ರಷ್ ಚೀಲ ಹೆಗಲಿಗೇರಿಸಿದಾಗ ಅವನು ಕೇಳಿದ, "ಹಿಡಿಯೋಕೆ ಯಾರಿದಾರೆ?"

"ಇದ್ದಾರೆ."

ಅದರ ಮರುದಿನವೂ ಕೇಳಿದ. ಅವಳು ಬಾಗಿಲಲ್ಲಿ ನಿಂತು ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತ, ತಿರುಗಿ ನೋಡದೆ, ಅದೇ ದನಿಯಲ್ಲಿ ಅದನ್ನೇ ಹೇಳಿದಳು. ಅಂದಿನಿಂದ ದಿನವೂ ಸಂಜೆಯವರೆಗೆ ಏಣಿಯಪ್ಪ, ಬೀದಿಯಲ್ಲಿ ಕೆಟ್ಟ ಸುದ್ದಿ ಹೊತ್ತು ಓಡುವ ಹೆಜ್ಜೆಯ ಸದ್ದು ಏನಾದರೂ ತಮ್ಮ ಮನೆಯ ಕಡೆ ತಿರುಗುತ್ತದೆಯೇ ಎಂದು ಕಿವಿಗೊಟ್ಟು ಮಲಗಿರುತ್ತಿದ್ದ.