ಇಟ್ಟಂಗಿ ಬಣ್ಣ

ಅಂಗೈ ನೋಡಿ ಭವಿಷ್ಯ ಹೇಳುವವರು ಊರೂರಿಗೂ ಇದ್ದಾರೆ. ನನ್ನ ಎಡಗೈಯನ್ನು ಮಾತ್ರ ಬೋರಲು ಹಾಕಿ ನೋಡಿದರೆ ಸಾಕು, ಕಳೆದ ಭಾನುವಾರ ನಾನು ಎಲ್ಲಿದ್ದೆ ಎನ್ನುವ ಭೂತಕಾಲವನ್ನು ಯಾರು ಬೇಕಾದರೂ ಹೇಳಬಹುದು. ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ ಏಳೆಂಟು ಗೆರೆ: ಒಂದು ದಾಳಿಂಬೆ, ಒಂದು ಗಜ್ಜರಿ, ಒಂದು ತುಕ್ಕು ಹಿಡಿದ ಕಬ್ಬಿಣ, ಒಂದು ವಾರದ ಹಿಂದಿನ ಪೆಟ್ಟು ನೀಲಿಗಟ್ಟಿದ ಹಾಗಿನದು. ಎಲ್ಲವೂ ಲಿಪ್‌ಸ್ಟಿಕ್. ಮೊನ್ನೆ ಎಸ್ಪ್ಲನೇಡ್‌ನಿಂದ ಡಮ್ ಡಮ್‌ಗೆ ಮೆಟ್ರೋದಲ್ಲಿ ಬರುವಾಗ ಪಕ್ಕದ ಹೆಂಗಸು ನನ್ನ ಕೈ ನೋಡಿ ಮೊದಲು ಒಂದು ಗೇಣು ಸರಿದು ಕೂತಳು, ಆಮೇಲೆ ಮನಸ್ಸು ಕರಗಿ, ಯಾವ ಡಾಕ್ಟರಿಗೆ ತೋರಿಸುತ್ತಿದ್ದೀರಿ ಮಾಶಿಮಾ, ಅಂದರೆ ಚಿಕ್ಕಮ್ಮಾ, ಎಂದು ಕೇಳಿದಳು. ಇದು ವಾಸಿಯಾಗುವ ಕಾಯಿಲೆ ಅಲ್ಲಮ್ಮ ಎಂದೆ. ಮುಂದಿನ ಸ್ಟೇಷನ್ನಿನಲ್ಲಿ ಆಕೆ ಇಳಿದುಹೋದಳು. ಅದು ಆಕೆಯ ಸ್ಟೇಷನ್ನೇ ಆಗಿತ್ತೋ ಇಲ್ಲವೋ ನನಗೆ ತಿಳಿಯದು.

ಎಪ್ಪತ್ತನಾಲ್ಕು ವರ್ಷದ, ಐದನೇ ಈಯತ್ತೆಗೆ ಪಾಟಿ ಕೆಳಗಿಟ್ಟ ಮುದುಕಿಗೆ ಈ ಹುಚ್ಚು ಹತ್ತಿದ್ದು ಮೊಮ್ಮಗಳಿಂದ. ನನ್ನ ಯಜಮಾನರು ರೈಲ್ವೆ ನೌಕರಿಗೆಂದು ಹುಬ್ಬಳ್ಳಿಯಿಂದ ಈ ಬಂಗಾಳದ ಊರಿಗೆ ಕರೆತಂದವರು, ಈಗಿಲ್ಲ. ನಾನು ಮಗಳು ಸುನಂದಾಳ ಮನೆಯಲ್ಲಿದ್ದೇನೆ. ಅವಳು ಬ್ಯಾಂಕಿನಲ್ಲಿ ಅಧಿಕಾರಿ. ಅಳಿಯ ಬಂಗಾಳಿ, ಮೀನು ಮತ್ತು ಮೌನ ಎರಡನ್ನೂ ಸಮನಾಗಿ ಪ್ರೀತಿಸುವವನು. ಅವರ ಮಗಳಿಗೆ ತುಲಿ ಎಂದು ಕರೆಯುವ ಹೆಸರು. ಬಂಗಾಳಿಯಲ್ಲಿ ಹಾಗೆಂದರೆ ಚಿತ್ರ ಬರೆಯುವ ಕುಂಚ. ಹುಡುಗಿ ಕಾಲೇಜಿನಲ್ಲಿ ಏನೋ ಓದುತ್ತಾಳೆ. ಆದರೆ ಅವಳ ನಿಜವಾದ ಅಭ್ಯಾಸ ನಡೆಯುವುದು ಮಾಲಿನಲ್ಲಿ. ಅಲ್ಲಿ ದೊಡ್ಡ ಹೆಸರಿನ, ಮುಟ್ಟಿದರೆ ಕೈ ಸುಡುವ ಬೆಲೆಯ ಲಿಪ್‌ಸ್ಟಿಕ್ಕನ್ನು ಪುಕ್ಕಟೆ ಕೈಗೆ ಹಚ್ಚಿಕೊಂಡು, ಗಂಭೀರವಾಗಿ ‘ಯೋಚನೆ ಮಾಡಿ ಬರ್ತೀವಿ’ ಎಂದು ಹೇಳಿ, ಆ ಗೆರೆ ಅಳಿಯುವುದರೊಳಗೆ ಎಸ್ಪ್ಲನೇಡ್‌ನ ಫುಟ್‌ಪಾತಿಗೆ ಓಡಿ, ಅಲ್ಲಿ ಅದೇ ಬಣ್ಣದ ಅಗ್ಗದ ಜೋಡಿ ಹುಡುಕುವುದು. ಅವಳಂಥವರು ಸಾವಿರಾರು ಮಂದಿ ಇದ್ದಾರಂತೆ. ಫೋನಿನಲ್ಲಿ ಒಬ್ಬರಿಗೊಬ್ಬರು ಗೆರೆ ತೋರಿಸಿಕೊಳ್ಳುತ್ತಾರಂತೆ.

ಮೊದಲ ಸಲ ಚೀಲ ಹಿಡಿಯಲಿಕ್ಕೆಂದು ಹೋದವಳು ನಾನು. ಅವಳು ಎರಡು ಗೆರೆ ಎಳೆದುಕೊಂಡು “ಅಜ್ಜಿ, ದೇಖೋ ನಾ, ಸೇಮ್ ಟು ಸೇಮ್!” ಎಂದಳು. ಸೇಮೂ ಇಲ್ಲ, ಸುಡುಗಾಡೂ ಇಲ್ಲ. ಒಂದರ ಹೊಟ್ಟೆಯಲ್ಲಿ ನೀಲಿ ಇತ್ತು, ಇನ್ನೊಂದರ ಹೊಟ್ಟೆಯಲ್ಲಿ ಹಳದಿ. ಫುಟ್‌ಪಾತಿನ ಅಂಗಡಿಯ ಕೊಡೆಯ ನೆರಳಿನಿಂದ ಅವಳ ಕೈಯನ್ನು ಬಿಸಿಲಿಗೆ ಎಳೆದು ತೋರಿಸಿದೆ. ಹುಡುಗಿ ಬಾಯಿ ತೆರೆದು ನಿಂತಳು. ಇದರಲ್ಲಿ ಪವಾಡವೇನಿಲ್ಲ. ಇಪ್ಪತ್ತೈದು ವರ್ಷ ನಾನು ನಮ್ಮ ಪಾಡಾದ, ಅಂದರೆ ಓಣಿಯ, ಹೆಂಗಸರ ಸೀರೆಗಳಿಗೆಲ್ಲ ಫಾಲ್ ಹಚ್ಚಿಕೊಟ್ಟವಳು. ಸೀರೆಯ ಸೆರಗು ಹಿಡಿದು ಅಂಗಡಿಯ ಬಾಗಿಲಿಗೆ ಬಂದು, ಹಗಲ ಬೆಳಕಿನಲ್ಲಿ ಫಾಲಿನ ಪಟ್ಟಿ ಪಕ್ಕದಲ್ಲಿಟ್ಟು, ಕಣ್ಣು ಕಿರಿದು ಮಾಡಿ ನೋಡುವುದು ನನ್ನ ವಿಶ್ವವಿದ್ಯಾಲಯ. ಕೆಂಪು ಎನ್ನುವ ಒಂದು ಬಣ್ಣವೇ ಇಲ್ಲ. ಇರುವುದೆಲ್ಲ ಕೆಂಪಿನ ದಾಯಾದಿಗಳು.

ಅಂದಿನಿಂದ ನಾನು ಚೀಲ ಹಿಡಿಯುವ ಕೆಲಸದಿಂದ ಬಡ್ತಿ ಹೊಂದಿದೆ. ತುಲಿ ಹೊಸ ಪಾಠಗಳನ್ನೂ ಕಲಿಸಿದಳು: ತುಟಿಯ ಬಣ್ಣವನ್ನು ಮುಂಗೈಗಿಂತ ಬೆರಳ ತುದಿಯ ಮೆತ್ತನೆಯ ಭಾಗಕ್ಕೆ ಹಚ್ಚಿ ನೋಡಬೇಕು, ಅದು ತುಟಿಗೆ ಹತ್ತಿರದ ಚರ್ಮ, ಮುಖದ ಬಣ್ಣವನ್ನು ದವಡೆಯ ಅಂಚಿಗೆ ಹಚ್ಚಿ ನೋಡಬೇಕು. ನಾನು ಅವಳಿಗೆ ಕಲಿಸಿದ್ದು ಮೂಸುವುದನ್ನು. ಹಳೆಯ ಲಿಪ್‌ಸ್ಟಿಕ್ಕು ಕಮಟು ಹಿಡಿದ ಶೇಂಗಾ ಎಣ್ಣೆಯ ವಾಸನೆ ಹೊಡೆಯುತ್ತದೆ. ಡಬ್ಬಿ ಎಷ್ಟೇ ಹೊಳೆಯಲಿ, ಮೂಗು ಮೋಸ ಹೋಗುವುದಿಲ್ಲ. ದೊಡ್ಡ ಕಂಪನಿಯ ಹೆಸರನ್ನು ಕದ್ದು ಅಂಟಿಸಿದ ಡಬ್ಬಿಗಳನ್ನು ನಾವು ಮುಟ್ಟುವುದಿಲ್ಲ. ನಕಲಿ ಬೇರೆ, ಬದಲಿ ಬೇರೆ. ಬದಲಿಗೆ ತನ್ನದೇ ಹೆಸರಿರುತ್ತದೆ, ಅಗ್ಗದ ಹೆಸರಾದರೂ.

ಬದಲಿ ಹುಡುಕುವುದು ಇವರಿಗೆ ಹವ್ಯಾಸ, ನಮ್ಮ ಕಾಲದಲ್ಲಿ ಅದೇ ಸಂಸಾರವಾಗಿತ್ತು. ಔಡಲೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ ಕಾಡಿಗೆ ಹಿಡಿದೆವು, ಕಡಲೆಹಿಟ್ಟನ್ನು ಸಾಬೂನು ಮಾಡಿಕೊಂಡೆವು, ಎಲೆ ಅಡಿಕೆ ಹಾಕಿ ತುಟಿ ಕೆಂಪಾದರೆ ಅದಕ್ಕೆ ಶೃಂಗಾರ ಎನ್ನದೆ ಜೀರ್ಣ ಎಂದೆವು. ಹೀಗೆಲ್ಲ ತುಲಿಗೆ ಜಂಭ ಕೊಚ್ಚುತ್ತಿದ್ದೆ. ಸುನಂದಾ ಅತ್ತಿತ್ತ ಓಡಾಡುತ್ತ ಕೇಳಿಸಿಕೊಳ್ಳುತ್ತಿದ್ದಳು.

ಹೋದ ವರ್ಷ ಒಂದು ಭಾನುವಾರ ತುಲಿ ಫುಟ್‌ಪಾತಿನಲ್ಲಿ ನಿಂತು ಅಮ್ಮನಿಗೊಂದು ಬಣ್ಣ ಆರಿಸತೊಡಗಿದಳು. ಕೊಳ್ಳಲಿಕ್ಕಲ್ಲ, ಆಟಕ್ಕೆ, ಸುನಂದಾ ಮುಖಕ್ಕೆ ಪೌಡರನ್ನೂ ಸೋಂಕಿಸುವವಳಲ್ಲ. ನಾನು ಒಂದು ಗುಲಾಬಿ ಬಣ್ಣ ಎತ್ತಿಕೊಟ್ಟೆ.

“ಛೀ ಅಜ್ಜಿ! ಮಾ ಡಾರ್ಕ್ ಅದಾಳಲ್ಲ, ಪಿಂಕ್ ಹಾಕಿದ್ರ ಬೂದಿ ಬಳದಂಗ ಕಾಣತೈತಿ. ಮಾಗೆ ಬ್ರಿಕ್ ಬೇಕು, ಬ್ರಿಕ್! ಸೂಪರ್ ಲಗೇಗಾ.”

ಬ್ರಿಕ್ ಎಂದರೆ ಇಟ್ಟಂಗಿ. ನಾನು ಆ ಗುಲಾಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಏಕೆಂದರೆ ಆ ಬಣ್ಣ ನನಗೆ ಗೊತ್ತಿತ್ತು. ಅದನ್ನು ಒಮ್ಮೆ ನಾನೇ ನನ್ನ ಸೆರಗಿನಿಂದ ಒರೆಸಿದ್ದೆ.

ಸುನಂದಾಗೆ ಆಗ ಹದಿನೇಳು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ತೊದಲದೆ ಕನ್ನಡ ಮಾತಾಡುವವಳು ಅವಳೊಬ್ಬಳೇ ಎಂದು ನಿರೂಪಣೆಯನ್ನು ಅವಳಿಗೆ ಕೊಟ್ಟಿದ್ದರು. ಕನ್ನಡ ಓದಲು ಬಾರದು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದಳು. ಆ ದಿನ ರಂಗದ ಹಿಂದೆ ಹೆಂಗಸರು ಗಂಡಸರು ಎಲ್ಲ ಸೇರಿದ್ದೆವು. ಮೂಲೆಯಲ್ಲಿ ಕನ್ನಡಿಗೆ ಬೆನ್ನು ಮಾಡಿ ಈ ಹುಡುಗಿ ತಿರುಗಿದಳು: ತುಟಿಗೆ ಇಟ್ಟಂಗಿ ಬಣ್ಣ. ತಾನೇ ಹೋಗಿ ತಾನೇ ಆರಿಸಿ ಕೊಂಡುಕೊಂಡದ್ದು. ನನ್ನ ಕಡೆ ನೋಡಿದಳು. ಹೇಗಿದೆ ಎಂದು ಕೇಳುವ ನೋಟ ಅದು, ಈಗ ತಿಳಿಯುತ್ತದೆ.

“ಅಯ್ಯ, ಇದೇನ ಅವತಾರ!” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಕರಿ ಕಾಗಿ ಕೆಂಪ ಮೆಣಸಿನಕಾಯಿ ಕಚ್ಚಿದಂಗ ಆಗೇತಿ!”

ರಂಗದ ಹಿಂದೆ ನಗೆಯ ಮಳೆ. ನನ್ನ ಬಾಯಿಗೆ ಸಂಘದಲ್ಲಿ ಹೆಸರಿತ್ತು. ನಾನು ಬಾಯಿ ತೆರೆದರೆ ಜನ ಮೊದಲೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆ ನಗೆಯ ನಡುವೆಯೇ ಅವಳ ಗದ್ದ ಹಿಡಿದು, ನನ್ನ ಕೆನೆ ಬಣ್ಣದ ಹತ್ತಿ ಸೀರೆಯ ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದೆ. ಅವಳು ಅಳಲಿಲ್ಲ. ಒರೆಸಿ ಕೆಂಪಾದ ಬಾಯಿಯಲ್ಲೇ ರಂಗಕ್ಕೆ ಹೋಗಿ, ಒಂದಕ್ಷರ ತಪ್ಪದೆ ನಿರೂಪಣೆ ಮುಗಿಸಿ ಬಂದಳು. ಸಂಘದ ಮೆಟ್ಟಿಲು ಹತ್ತಿದ್ದು ಅದೇ ಕಡೆಯ ಸಲ.

ಆ ಕಲೆ ಸೆರಗಿನಿಂದ ಹೋಗಲಿಲ್ಲ. ಸಾಬೂನು, ಸೋಡಾ, ಸೀಮೆಎಣ್ಣೆ ಎಲ್ಲ ಆಯಿತು. ಎರಡು ತಿಂಗಳು ತಿಕ್ಕಿ, ಕೊನೆಗೆ ಆ ಸೀರೆಯನ್ನು ಹರಿದು ನೆಲ ಒರೆಸುವ ಅರಿವೆ ಮಾಡಿದೆ. ಎರಡು ತಿಂಗಳು ತಿಕ್ಕಿದ ಬಣ್ಣ ಮರೆಯುತ್ತದೆಯೇ? ಸುನಂದಾಳ ಮದುವೆಯ ಫೋಟೋ ನಮ್ಮ ಹಾಲಿನಲ್ಲಿದೆ. ಹಣೆಯ ತುಂಬ ಬಂಗಾಳಿ ಮದುಮಗಳ ಗಂಧದ ಚುಕ್ಕೆ, ಕಾಲಿಗೆ ಅಲತಾದ ಕೆಂಪು, ತುಟಿ ಮಾತ್ರ ಬರಿದು. ಎಷ್ಟು ಸರಳ ಹುಡುಗಿ ಎಂದು ಬೀಗರು ಹೊಗಳಿದರು. ನಾನೂ ತಲೆದೂಗಿದೆ, ನಾಚಿಕೆಯಿಲ್ಲದೆ.

ಇಪ್ಪತ್ತೈದು ವರ್ಷ ಕಂಡವರ ಸೀರೆಗೆ ಬಣ್ಣ ಹೊಂದಿಸಿದ ಕಣ್ಣು ಇದು. ಆ ಫುಟ್‌ಪಾತಿನಲ್ಲಿ ಮೊಮ್ಮಗಳು ಹೇಳುವ ತನಕ ನನಗೆ ಹೊಳೆಯಲಿಲ್ಲ: ಹದಿನೇಳರ ಆ ಹುಡುಗಿ, ಯಾರೂ ಕಲಿಸದೆ, ತನ್ನ ಮೈಬಣ್ಣಕ್ಕೆ ಸರಿಯಾದದ್ದನ್ನೇ ಆರಿಸಿದ್ದಳು. ಅವಳಿಗೆ ಕಣ್ಣಿತ್ತು. ನನಗೆ ಬಾಯಿ ಇತ್ತು.

ಅಂದಿನಿಂದ ನನ್ನ ಹವ್ಯಾಸ ಹವ್ಯಾಸವಾಗಿ ಉಳಿಯಲಿಲ್ಲ. ತುಲಿಗೆ ಹೇಳದೆ ಆ ಒಂದೇ ಇಟ್ಟಂಗಿಯನ್ನು ಹುಡುಕತೊಡಗಿದೆ. ಅದನ್ನು ಸುನಂದಾಳ ಕೈಗಿಟ್ಟು, ಆ ದಿನ ನೀನು ಸರಿ, ನಾನು ತಪ್ಪು ಎಂದು ಹೇಳದೆ ಸಾಯಬಾರದು ಎನ್ನಿಸಿಬಿಟ್ಟಿತ್ತು. ಇಷ್ಟು ಸಣ್ಣ ಮಾತಿಗೆ ಲಿಪ್‌ಸ್ಟಿಕ್ಕಿನ ನೆವ ಯಾಕೆ ಬೇಕು ಎಂದು ನೀವು ಕೇಳಬಹುದು. ಬರಿಗೈಯಲ್ಲಿ ಕ್ಷಮೆ ಕೇಳಿ ಅಭ್ಯಾಸವಿಲ್ಲ, ಅದಕ್ಕೆ.

ಸಿಕ್ಕಿದ ಇಟ್ಟಂಗಿಗಳೋ ಒಂದು ಮನೆ ಕಟ್ಟುವಷ್ಟು. ಒಂದರಲ್ಲಿ ಕಂದು ಹೆಚ್ಚು, ಒಂದರಲ್ಲಿ ಕಿತ್ತಳೆ, ಒಂದರಲ್ಲಿ ಅಭ್ರಕದ ಮಿಂಚು. ಕೊನೆಗೆ ಈ ಸಲ ದುರ್ಗಾಪೂಜೆಯ ಮೊದಲು, ಎಸ್ಪ್ಲನೇಡ್‌ನಲ್ಲಿ ಕೊಡೆಯ ಕೆಳಗೆ ಕ್ಲಿಪ್ಪು, ಬಾಚಣಿಗೆಗಳ ನಡುವೆ ಸಿಕ್ಕಿತು. ಬಿಸಿಲಿಗೆ ಹಿಡಿದೆ, ಬೆರಳ ತುದಿಗೆ ಹಚ್ಚಿದೆ, ಮೂಸಿದೆ. ಅದೇ. ಅಂಗಡಿಯವನು “ಕಾರ್ ಜೊನ್ನೊ ನೇಬೇನ್, ಮಾಶಿಮಾ?” ಎಂದ, ಯಾರಿಗೆ ಅಂತ. ನನಗೇ ಎಂದೆ. ಒಪ್ಪುತ್ತದೆ ಎಂದ, ವ್ಯಾಪಾರಿ ಎಂದರೆ ಹಾಗಿರಬೇಕು.

ಮಾರನೆಯ ಬೆಳಿಗ್ಗೆ ಸುನಂದಾ ಅಡುಗೆಮನೆಯಲ್ಲಿ ಪಟೋಲ ಕಾಯಿ ಹೆಚ್ಚುತ್ತಿದ್ದಳು. ತಂದು ಮುಂದೆ ಕುಕ್ಕಿದೆ.

“ತಗೋ.”

“ಏನಿದು?”

“ಅವತ್ತಿಂದು.”

ಯಾವತ್ತಿನದು ಎಂದು ಅವಳು ಕೇಳಲಿಲ್ಲ. ಕೈ ಒರೆಸಿಕೊಂಡು ಮುಚ್ಚಳ ತೆಗೆದಳು, ತಿರುಗಿಸಿದಳು, ನೋಡಿದಳು.

“ಅದ ಬಣ್ಣ” ಎಂದಳು. “ಭಾಳ ಹುಡುಕಿದೇನು?”

“ಒಂದ ವರ್ಷ.”

ಮುಚ್ಚಳ ಹಾಕಿದಳು. “ಅವ್ವಾ, ನೀ ಬಣ್ಣ ಒರಸಿದ್ದಕ್ಕ ನಂಗ ಸಿಟ್ಟು ಅಂತ ತಿಳಕೊಂಡೀ? ಒರಸಿದ್ರ ಒರಸಿದಿ. ಎಲ್ಲಾರೂ ನಕ್ರಲ್ಲ. ಅಪ್ಪಾನೂ ನಕ್ರು.”

“ಅವರು ನಗಲಿಲ್ಲ.”

“ನಕ್ರು. ನೀ ಒರಸೂದ್ರಾಗ ಇದ್ದಿ, ನೋಡಲಿಲ್ಲ. ಅವರದೇನು ತಪ್ಪು? ನೀ ಭಾಳ ಛಲೋ ನಗಸ್ತೀ, ಅವ್ವಾ. ಬ್ಯಾರೇದವರ ಬಗ್ಗೆ ಹೇಳಿದಾಗ ನಂಗೂ ನಗು ತಡಕೊಳ್ಳಾಕ ಆಗೂದಿಲ್ಲ.”

ನಾನು ಹೇಳಬೇಕೆಂದುಕೊಂಡಿದ್ದ ಮಾತನ್ನು ಹೇಳದೆ ಹೊರಗೆ ಬಂದೆ. ಒಂದು ವರ್ಷ ಬಿಸಿಲಲ್ಲಿ ಅಲೆದು, ಕಳೆದೇ ಹೋಗದ ವಸ್ತುವಿಗೆ ನಾನು ಬದಲಿ ತಂದಿದ್ದೆ. ಲಿಪ್‌ಸ್ಟಿಕ್ಕು ಈಗ ಅವಳ ಕಪಾಟಿನಲ್ಲಿ ಸೇಫ್ಟಿಪಿನ್ನಿನ ಡಬ್ಬಿಯಲ್ಲಿದೆ. ಹಚ್ಚಿಕೊಂಡಿಲ್ಲ.

ಇಷ್ಟನ್ನು ನಾನು ಬರೆದದ್ದು ನಮ್ಮ ಸಂಘದ ವಾರ್ಷಿಕ ಸಂಚಿಕೆಗೆ. ಹಳಬರಾದವರು ಏನಾದರೂ ಬರೆಯಿರಿ, ನಿಮ್ಮದು ತಮಾಷೆಯ ಬಾಯಿ ಎಂದು ಕೇಳಿದ್ದರು. ಬರೆದು ಇಟ್ಟಿದ್ದೆ. ನಿನ್ನೆ ಸುನಂದಾ ಹಾಳೆಗಳನ್ನು ತಿರುವಿ ಹಾಕಿದಳು. ಮಾತು ಬಂದರೂ ಅಕ್ಷರ ಬಾರದು.

“ಏನ ಬರದೀ? ಓದಿ ಹೇಳು.”

ಕನ್ನಡಕ ಹಾಕಿಕೊಂಡು ಓದಿದೆ. ಮೆಟ್ರೋದ ಹೆಂಗಸಿಗೆ ನಕ್ಕಳು, ಗಂಡನ ಮೀನಿಗೆ ನಕ್ಕಳು. ರಂಗದ ಹಿಂದಿನ ಪ್ರಸಂಗ ಬಂತು. ‘ಅಯ್ಯ, ಇದೇನ ಅವತಾರ’ ಎಂದು ಓದಿ, ಸೀದಾ ನಗೆಯ ಮಳೆಗೆ ಹಾರಿದೆ.

“ಒಂದ ಸಾಲು ಬಿಟ್ಟಿ” ಎಂದಳು.

“ಇಲ್ಲ.”

“ಬಿಟ್ಟಿ. ಕಾಗಿದು. ಓದು.”

ಓದಿದೆ. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ನೆನೆಸಿಕೊಂಡು ಒಳಗೊಳಗೇ ಮೆಚ್ಚಿಕೊಂಡ ಮಾತು ಅದು. ಮೆಚ್ಚಿಕೊಂಡಿದ್ದೆ ಎಂದು ಒಪ್ಪಿಕೊಂಡುಬಿಡುತ್ತೇನೆ. ಅವಳೆದುರು ಕೂತು ಓದಿದಾಗ ಅದರಲ್ಲಿ ನಗುವಂಥದ್ದು ಒಂದು ಕಾಳಿನಷ್ಟೂ ಸಿಗಲಿಲ್ಲ. ಸೇಫ್ಟಿಪಿನ್ನಿನ ಡಬ್ಬಿಯವರೆಗೆ ಓದಿ ನಿಲ್ಲಿಸಿದೆ.

“ಮುಂದ?”

“ಮುಂದ ಬರದಿಲ್ಲ.” ಕನ್ನಡಕ ತೆಗೆದೆ. “ತಪ್ಪಾತು, ಸುನಿ. ನಂದ ತಪ್ಪಾತು.”

ಅವಳು ಹಾಳೆಗಳನ್ನು ಜೋಡಿಸಿ ನನ್ನ ಮುಂದಿಟ್ಟಳು.

“ನಂಗ ಹೇಳಿದಿ, ಆತು. ಇದರಾಗೂ ಬರಿ. ಅವತ್ತ ನಕ್ಕವರು ಓದ್ತಾರಲ್ಲ.”

ಹೌದು, ಓದುತ್ತೀರಿ. ಅಂದು ರಂಗದ ಹಿಂದೆ ಇದ್ದವರಲ್ಲಿ ಅರ್ಧ ಜನ ಈಗಿಲ್ಲ, ನನ್ನ ಯಜಮಾನರೂ ಇಲ್ಲ, ಉಳಿದವರು ಓದಿಕೊಳ್ಳಿ. ನಾನು ಆಡಿದ್ದು ಕೆಟ್ಟ ಮಾತು, ನೀವು ನಕ್ಕಿದ್ದು ನನ್ನ ತಪ್ಪು. ಹುಡುಗಿ ಚೆಂದ ಕಾಣುತ್ತಿದ್ದಳು. ಆ ಬಣ್ಣ ಅವಳಿಗೆ ಒಪ್ಪಿತ್ತು.