ಪಾಸಾಗದ ಜೀವಕೋಶಗಳು

ಅಕ್ಕನ ಕೈ ನಡುಗುವುದನ್ನು ನಾನು ಮೊದಲು ಕಂಡದ್ದು ಅವಳು ಪೂಜೆಗೆ ಕೂತಿದ್ದಾಗ. ಹರಿಹರದ ಮನೆಯಲ್ಲಿ ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡಿದ್ದವಳು, ಅದು ಜಾರೀತೆಂದು ಬಲಗೈಯನ್ನು ಕೆಳಗೆ ಆನಿಸಿ ಹಿಡಿದಿದ್ದಳು. ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದಾಗ ಅವಳಿಗಿನ್ನೂ ಐವತ್ತು ತುಂಬಿರಲಿಲ್ಲ. ಭಾವನ ಬಟ್ಟೆ ಅಂಗಡಿಯನ್ನು ನಿಜವಾಗಿ ನಡೆಸುತ್ತಿದ್ದವಳು ಅವಳೇ. ಗಿರಾಕಿಗಳೆದುರು ಬಿಚ್ಚಿದ ಸೀರೆಯನ್ನು ಮತ್ತೆ ಮಡಿಚಲಾಗದೆ ಹೋದ ದಿನ ಅಂಗಡಿಯ ಮೆಟ್ಟಿಲಿಳಿದು ಬಂದವಳು, ಮತ್ತೆ ಅತ್ತ ಹೋಗಲಿಲ್ಲ.

ನನ್ನ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಇದೇ ಊರಿನ ಪ್ರಯೋಗಾಲಯವೊಂದರಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬೇರೆ ಊರಿನ ಆಸ್ಪತ್ರೆಯೊಂದು ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ಇಂಥ ಕೋಶಗಳನ್ನು ಕಸಿ ಮಾಡಿ ನೋಡಲು ಹೊರಟಿತ್ತು. ಕಸಿಗೆ ಮೊದಲು ಅವುಗಳ ಮಾದರಿ ನಮ್ಮಲ್ಲಿಗೆ ಬರುತ್ತಿತ್ತು. ಕೋಶಗಳು ಬದುಕಿವೆಯೇ, ಈ ರೋಗದಲ್ಲಿ ಮೆದುಳಿಗೆ ಕೊರತೆಯಾಗುವ ಡೋಪಮೈನ್ ಸ್ರವಿಸುತ್ತಿವೆಯೇ, ಸೋಂಕು ತಗುಲಿದೆಯೇ ಎಂದು ನೋಡುತ್ತಿದ್ದೆವು. ಎಲ್ಲಕ್ಕಿಂತ ಹೆಚ್ಚಾಗಿ, ನರಕೋಶವಾಗಿ ಬಲಿಯದ ಎಳೆಯ ಕೋಶಗಳು ಉಳಿದಿವೆಯೇ ಎಂದು ಹುಡುಕುತ್ತಿದ್ದೆವು. ಅಂಥವು ಮೆದುಳಿನೊಳಗೆ ಹೋದರೆ ಗೆಡ್ಡೆಯಾಗಿ ಬೆಳೆಯಬಹುದು.

ಆ ಪ್ರಯೋಗಕ್ಕೆ ಅಕ್ಕ ಆಯ್ಕೆಯಾದಳು. ಸುದ್ದಿ ಬಂದ ದಿನ ಫೋನಿನಲ್ಲಿ ಅವಳ ದನಿ ಅಂಗಡಿಯ ಗಲ್ಲಾದಲ್ಲಿ ಕೂತಿದ್ದ ದಿನಗಳ ಹಳೆಯ ದನಿಯಂತಿತ್ತು.

ಅವಳ ಸರದಿಯ ಕೋಶಗಳ ಮಾದರಿ ಬಂತು. ಡೋಪಮೈನ್ ಚೆನ್ನಾಗಿತ್ತು, ಸೋಂಕಿರಲಿಲ್ಲ. ಆದರೆ ಎಳೆಯ ಕೋಶಗಳಿದ್ದವು. ನನ್ನ ಅಕ್ಕ ಸರದಿಯಲ್ಲಿದ್ದಾಳೆಂದು ಮೇಲಧಿಕಾರಿಗೆ ಮೊದಲೇ ಹೇಳಿದ್ದೆನಾದ್ದರಿಂದ ಅವರು ಇನ್ನೊಬ್ಬರಿಂದಲೂ ಬೇರೆಯಾಗಿ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬದಲಾಗಲಿಲ್ಲ. ಆ ಕೋಶಗಳನ್ನೆಲ್ಲ ನಾಶ ಮಾಡಿದರು. ಹೊಸದಾಗಿ ಬೆಳೆಸುವವರೆಗೆ ಪ್ರಯೋಗ ನಿಂತಿತು.

ವಿಷಯ ತಿಳಿಸಲು ನಾನೇ ಹರಿಹರಕ್ಕೆ ಹೋದೆ. ಕೆಟ್ಟ ಕೋಶಗಳು ಎಷ್ಟಿದ್ದವು ಎಂದು ಅಕ್ಕ ಕೇಳಿದಳು. ಬಹಳ ಕಡಿಮೆ ಎಂದೆ.

"ಅಷ್ಟಕ್ಕ ಎಲ್ಲಾ ಚೆಲ್ಲಿದ್ರೇನು?" ಎಂದಳು. "ಗೆಡ್ಡಿ ಬಂದ್ರೆ ಬರ್ಲಿ ಬಿಡು. ಅಲ್ಲಿತನಕ ಕೈ ನೆಟ್ಟಗಿದ್ರೆ ನಂಗೆ ಸಾಕಾಗಿತ್ತು."

ಹಾಗಲ್ಲ ಎಂದು ಬಿಡಿಸಿ ಹೇಳಲು ನೋಡಿದೆ. ಅವಳು ಟೀವಿಯ ದನಿ ಏರಿಸಿದಳು.

ಕಾಯುವ ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಯಾರೋ ಹೇಳಿದರೆಂದು ಭಾವ ಬೇರೊಂದು ಜಿಲ್ಲೆಯ ಕ್ಲಿನಿಕ್ ಹುಡುಕಿದರು. ಬೆನ್ನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ನಡುಕ ನಿಲ್ಲುತ್ತದೆಂದು ಅಲ್ಲಿ ಭರವಸೆ ಕೊಟ್ಟಿದ್ದರಂತೆ. ನಾನು ಹಟ ಹಿಡಿದು ಅವರ ಜೊತೆ ಹೋದೆ. ಕೋಶಗಳನ್ನು ಎಲ್ಲಿ ಬೆಳೆಸಿದ್ದು, ಯಾವ ಪರೀಕ್ಷೆ ಮಾಡಿಸಿದ್ದು ಎಂದು ಕೇಳಿದ್ದಕ್ಕೆ ಅಲ್ಲಿನ ಡಾಕ್ಟರು ನಕ್ಕು ಅಕ್ಕನತ್ತ ತಿರುಗಿದರು.

"ನಂಬಿಕೆ ಇದ್ರೆ ಮಾಡಿಸ್ಕೊಳ್ರಿ ಮೇಡಮ್, ಇಲ್ದಿದ್ರೆ ಬ್ಯಾಡ."

"ನಂಗೆ ನಂಬಿಕೆ ಐತೆ ಸರ್," ಎಂದಳು ಅಕ್ಕ. ನನ್ನತ್ತ ನೋಡಲಿಲ್ಲ.

ಇಂಜೆಕ್ಷನ್ ಆದ ವಾರದೊಳಗೆ ಜ್ವರ ಏರಿತು, ಕುತ್ತಿಗೆ ಸೆಟೆದುಕೊಂಡಿತು. ದಾವಣಗೆರೆಗೆ ತಂದು ಸೇರಿಸಿದೆವು. ಮೆದುಳಿನ ಪೊರೆಗೆ ಸೋಂಕು ತಗುಲಿದೆ ಎಂದರು. ಕ್ಲಿನಿಕ್‌ನವರು ಅವಳ ದೇಹಕ್ಕೆ ಒಗ್ಗಲಿಲ್ಲ ಎಂದಷ್ಟೇ ಹೇಳಿ ಫೋನ್ ಇಟ್ಟರು. ಅಕ್ಕ ಬದುಕಿದಳು. ಆದರೆ ನಡೆಯುವುದು ನಿಂತುಹೋಯಿತು, ಮಾತು ತೊದಲಿತು. ನಡುಕ ಮಾತ್ರ ಇದ್ದಂತೆಯೇ ಇತ್ತು.

ಆಸ್ಪತ್ರೆಯ ವರಾಂಡದಲ್ಲಿ ಭಾವ ನನ್ನನ್ನು ನಿಲ್ಲಿಸಿ, "ನೀನು ಅವತ್ತು ಪಾಸ್ ಮಾಡಿದ್ರೆ ಇಲ್ಲಿಗೆ ಬರ್ತಿದ್ವಾ?" ಎಂದರು. ಅವರು ಸಿಟ್ಟಿನಿಂದ ಕೇಳಲಿಲ್ಲ. ಸಿಟ್ಟಿನಿಂದ ಕೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಮರುವರ್ಷ ಹೊಸ ಕೋಶಗಳು ಬಂದವು. ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು. ನಾನೇ ಸಹಿ ಹಾಕಿದೆ. ಗೊತ್ತಿಲ್ಲದ ಕೋಶಗಳನ್ನು ಚುಚ್ಚಿಸಿಕೊಂಡವರನ್ನು ಪ್ರಯೋಗಕ್ಕೆ ಸೇರಿಸುವಂತಿಲ್ಲವಾದ್ದರಿಂದ ಅಕ್ಕನನ್ನು ಅಷ್ಟರಲ್ಲಿ ಕೈಬಿಟ್ಟಿದ್ದರು. ಅವಳ ಜಾಗಕ್ಕೆ ಬೇರೆ ಯಾರನ್ನೋ ಕರೆದರು.

ಆ ಸುದ್ದಿಯನ್ನು ನಾನು ಅಕ್ಕನಿಗೆ ಹೇಳಲಿಲ್ಲ. ಆಸ್ಪತ್ರೆಯವರಿಂದ ತಿಳಿದುಕೊಂಡು ಭಾವ ಹೇಳಿದ್ದಾರೆ.