ಜೋಗಮ್ಮ ಉಂಡೆದ್ದ ಮೇಲೆ

ಸಿರಿಗೇರಿಯ ಅಕ್ಕನಾಗಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ ನಾಟಿ ಹಚ್ಚುತ್ತಿದ್ದಾಗ ಗದ್ದೆಯ ಕೆಸರಿಗೆ ಬೋರಲು ಬಿದ್ದಳು. ಹೊಟ್ಟೆಗಿಲ್ಲದೆ ಬಿದ್ದವಳು ಆಕೆ. ಆ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರು ಕೂಡಬೇಕು, ಅವರದೂ ಮುಗಿದು ಉಳಿದರೆ ಹೆಣ್ಣುಮಕ್ಕಳಿಗೆ. ತಂದೆಯಿಲ್ಲದ ಆಕೆಯನ್ನು ಸಾಕಿದ ದೊಡ್ಡಪ್ಪ ಹಾಲಸಿದ್ದಪ್ಪ, ‘ನಾಟಕ ಮಾಡ್ತಾಳ ಕೆಲಸಗಳ್ಳಿ’ ಎಂದು ಕುಡುಗೋಲು ಕಾಯಿಸಿ ಹೊಟ್ಟೆಯ ಮೇಲೆ ಬರೆ ಎಳೆಸಿದ. ಗಾಯ ಮಾಯಿತು. ಸಿಟ್ಟು ಮಾಯಲಿಲ್ಲ.

ಗಂಡ ತೀರಿಕೊಂಡ ಮೇಲೆ ಆಕೆ ಸಿರುಗುಪ್ಪದ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಳು. ೧೯೭೯ರಲ್ಲಿ ಅಲ್ಲಿನ ಡಾಕ್ಟರಮ್ಮ ಹಳ್ಳಿಯ ಹರೆಯದ ಹುಡುಗಿಯರಿಗಾಗಿ ವಾರಕ್ಕೊಂದು ತರಗತಿ ಶುರು ಮಾಡಿ, ಸಿರಿಗೇರಿಯ ತರಗತಿಯನ್ನು ಅಕ್ಕನಾಗಮ್ಮನಿಗೆ ವಹಿಸಿದರು. ಸೊಪ್ಪು, ಶೇಂಗಾ, ಬೆಲ್ಲ ತಿನ್ನಬೇಕು. ಉಣ್ಣುವ ಮೊದಲು ಕಣ್ಣು ಮುಚ್ಚಿ ಹತ್ತು ಸಲ ನಿಧಾನವಾಗಿ ಉಸಿರಾಡಬೇಕು. ತುತ್ತನ್ನು ಮನಸ್ಸಿಟ್ಟು ಅಗಿದು ನುಂಗಬೇಕು. ಪಾಠ ಇಷ್ಟೇ.

ಅದೇ ವರ್ಷ ಹಾಲಸಿದ್ದಪ್ಪನ ಮೊಮ್ಮಗಳು ಜೋಗಮ್ಮ ಸಾಲೆಯಲ್ಲಿ ತಲೆತಿರುಗಿ ಬಿದ್ದಳು. ಆಕೆಗೂ ಹದಿನಾಲ್ಕು. ಮೈಯಲ್ಲಿ ರಕ್ತವಿಲ್ಲ, ಒಂದು ತಿಂಗಳು ಹೊಟ್ಟೆ ತುಂಬ ಉಣಿಸಿ ಎಂದರು ಡಾಕ್ಟರಮ್ಮ. ದಿನಾ ಕೂತು ಉಣಿಸುವ ಕೆಲಸ ಅಕ್ಕನಾಗಮ್ಮನ ಪಾಲಿಗೆ ಬಂತು. ಆಕೆ ತನ್ನದೂ ಒಂದು ಮಾತು ಸೇರಿಸಿದಳು.

‘ಜೋಗಮ್ಮ ಉಂಡೇಳೋತನಕ ಈ ಮನ್ಯಾಗ ಯಾರೂ ತಾಟಿನ ಮುಂದ ಕುಂದ್ರಂಗಿಲ್ಲ.’

‘ಡಾಕ್ಟರಮ್ಮ ಹಂಗಂದಾಳೇನು?’ ಎಂದ ಹಾಲಸಿದ್ದಪ್ಪ.

‘ಬೇಕಾದ್ರ ಸಿರುಗುಪ್ಪಕ್ಕ ಹೋಗಿ ಕೇಳು, ದೊಡ್ಡಪ್ಪ.’

ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ. ಮುದುಕನ ಮೊಣಕಾಲು ಬಸ್ಸು ಹತ್ತುವಂತಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಆತ ಹೊಲದಿಂದ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಒಳಗಿಂದ ಪುಂಡಿಪಲ್ಯದ ವಾಸನೆ ಬರುತ್ತಿತ್ತು. ತಾತನನ್ನು ಕಂಡದ್ದೇ ಒಳಗೆ ತಾಟಿನ ಮುಂದಿದ್ದ ಜೋಗಮ್ಮ ಗಬಗಬ ನುಂಗತೊಡಗಿದಳು.

‘ಸಾವಕಾಶ,’ ಎಂದಳು ಅಕ್ಕನಾಗಮ್ಮ. ‘ಕೈ ತಗಿ. ಕಣ್ಣು ಮುಚ್ಚು. ಮತ್ತ ಹತ್ತು ಉಸುರು.’

‘ಲೇ ನಾಗಿ, ಆಕಿ ಉಣ್ಣಾಕತ್ತಾಳೋ, ಪೂಜಿ ಮಾಡಾಕತ್ತಾಳೋ?’

‘ನಾಟಕ ಮಾಡಾಕತ್ತಾಳ. ಕುಡುಗೋಲು ಕಾಸ್ಲೇನು?’

ಒಲೆಯ ಮುಂದಿದ್ದ ಸೊಸೆ, ಜೋಗಮ್ಮನ ತಾಯಿ, ತಲೆ ಬಗ್ಗಿಸಿದಳು.

‘ಅತ್ತಿ, ತಾತಗ ಹಸಿವಾಗೈತಿ,’ ಜೋಗಮ್ಮ ಪಿಸುಗುಟ್ಟಿದಳು.

‘ಆಗ್ಲಿ. ಹಸಿವು ಅಂದ್ರೇನಂತ ನಿಂಗ ಗೊತ್ತೈತಿ. ಆತಗೂ ಗೊತ್ತಾಗ್ಲಿ.’

ಹುಡುಗಿ ಹತ್ತು ಉಸಿರು ಮುಗಿಸಿದಳು. ಒಂದೊಂದೇ ತುತ್ತು ಅಗಿದಳು. ತಾಟು ಖಾಲಿಯಾಯಿತು. ಹೊರಗೆ ನೋಡಿದಳು, ರೊಟ್ಟಿಯ ಬುಟ್ಟಿ ನೋಡಿದಳು. ಆಮೇಲೆ, ಜನ್ಮದಲ್ಲಿ ಮೊದಲ ಸಲ, ‘ಇನ್ನೊಂದು ಹಾಕ್ರಿ’ ಎಂದಳು.

ಬುಟ್ಟಿಯಲ್ಲಿ ಉಳಿದಿದ್ದವು ಎರಡೇ ರೊಟ್ಟಿ. ಅಕ್ಕನಾಗಮ್ಮ ಎರಡನ್ನೂ ಆಕೆಯ ತಾಟಿಗೆ ಹಾಕಿದಳು. ಸೊಸೆ ಎದ್ದು ಮತ್ತೆ ಹಿಟ್ಟು ಕಲಸತೊಡಗಿದಳು.

ಕಂಬದ ಬುಡದಲ್ಲಿ ಮುದುಕ ಎರಡು ಸಲ ಎಂಜಲು ನುಂಗಿದ. ಅಕ್ಕನಾಗಮ್ಮ ಅದನ್ನು ಬಹಳ ಮನಸ್ಸಿಟ್ಟು ನೋಡಿದಳು. ತಿಂಗಳು ತುಂಬಲು ಇನ್ನೂ ಇಪ್ಪತ್ತಾರು ದಿನವಿತ್ತು.